ಇದೊಂದು ಹಾಕಿ ಬರ್ತೀನಿ

“ಆ ಕಿಟಕಿ ಪಕ್ಕದ ಮೇಜೊಂದು ಬಿಟ್ಟು ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ ತಾಯಿ,” ಎಂದಳು ಹೋಟೆಲಿನ ಅಜ್ಜಿ. “ಅದು ನಮ್ಮ ಅಕ್ಕೋರ ಜಾಗ. ಕೈ ತೊಳೆಯೋಕೆ ಹೋಗಿದಾರೆ, ಬಂದ್ಬಿಡ್ತಾರೆ.”

ನಾನು ಆ ಮೇಜಿನ ಕಡೆ ನೋಡಿಯೂ ಇರಲಿಲ್ಲ. ಅವಳು ಹೇಳಿದ ಮೇಲೆ ನೋಡಿದೆ. ಅರ್ಧ ಲೋಟ ನೀರು, ಮಡಿಸಿಟ್ಟ ಕನ್ನಡಕ, ಕುರ್ಚಿಯ ಕಾಲಿಗೆ ಒರಗಿಸಿದ ಒಂದು ಕಂದು ಸೂಟ್‌ಕೇಸು. ಅದರ ಹಿಡಿಕೆ ಹಿಡಿದು ಹಿಡಿದು ನುಣುಪಾಗಿತ್ತು, ಮೂಲೆಗಳೆಲ್ಲ ಸವೆದು ಒಳಗಿನ ರಟ್ಟು ಕಾಣುತ್ತಿತ್ತು. ಯಾರೋ ನಮ್ಮ ಹಾಗೇ ದೂರದ ದಾರಿಯವರು ಅಂದುಕೊಂಡೆ. ಅಷ್ಟರಲ್ಲಿ ಇವರು ಒಲೆಯ ಬೆಂಕಿಗೆ ಎಲ್ಲಕ್ಕಿಂತ ಹತ್ತಿರದ ಮೇಜು ಹಿಡಿದು ಕೂತಾಗಿತ್ತು. ಬೇಸಿಗೆಯ ಮಧ್ಯಾಹ್ನ ಒಂದೂವರೆಗೆ ಬೆಂಕಿ ಪಕ್ಕ ಕೂರುವ ಪ್ರಾಣಿ ನಮ್ಮ ಯಜಮಾನರೊಬ್ಬರೇ.

ನಿಜ ಹೇಳಬೇಕೆಂದರೆ ನಾವು ಅಲ್ಲಿ ನಿಲ್ಲಿಸಿದ್ದು ಊಟಕ್ಕಲ್ಲ, ಹೊಗೆಗೆ. ಇವರು ಬಟ್ಟೆ ಗಿರಣಿಯ ಬಾಯ್ಲರ್ ಮುಂದೆ ಮೂವತ್ತೊಂದು ವರ್ಷ ನಿಂತವರು. ಕಟ್ಟಿಗೆ ಹಾಕುವುದು, ಸಲಾಕೆಯಿಂದ ಕೆದಕುವುದು, ಉರಿಯ ಬಣ್ಣ ನೋಡಿ ಒತ್ತಡ ಹೇಳುವುದು. ಹೋದ ವರ್ಷ ಗಿರಣಿಯವರು ಹಳೆಯ ಬಾಯ್ಲರ್ ಕಿತ್ತು ಗ್ಯಾಸಿನದು ತಂದರು. ಗುಂಡಿ ಒತ್ತಿದರೆ ಹೊತ್ತುತ್ತದೆ, ಗುಂಡಿ ಒತ್ತಿದರೆ ಆರುತ್ತದೆ. ಇವರಿಗೆ ಚಪ್ಪಾಳೆ ತಟ್ಟಿ, ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಆಮೇಲಿನ ಹತ್ತು ತಿಂಗಳು ನಾನು ಪಟ್ಟ ಪಾಡು ನನಗೇ ಗೊತ್ತು. ಮನುಷ್ಯ ಬೆಳಿಗ್ಗೆ ಐದಕ್ಕೆ ಎದ್ದು ಮಂಚದ ತುದಿಯಲ್ಲಿ ಕೂತರೆ ಕೂತದ್ದೇ. ಮಾತೇ ಇಲ್ಲ. ಇದ್ದಕ್ಕಿದ್ದಂತೆ ಅಡುಗೆಮನೆಗೆ ಬಂದು, ನನ್ನ ಒಲೆಯ ಮುಂದೆ ಬಗ್ಗಿ, ಉರಿ ಹಳದಿಯಾಗಿದೆ, ಬರ್ನರ್ ತೊಳಿ ಎನ್ನುವುದು. ಮೂವತ್ತು ವರ್ಷ ಅಡುಗೆಮನೆಯ ಹೊಸ್ತಿಲು ತುಳಿಯದವರು ಈಗ ನನಗೇ ಒಲೆ ಉರಿಸುವುದು ಕಲಿಸಲು ಬಂದರೆ ಹೇಗಿರಬೇಡ?

ನಾವು ಹೊರಟದ್ದು ಮಗಳ ಮನೆಗೆ. ಅವಳಿಗೆ ಚೊಚ್ಚಲ ಹೆರಿಗೆ. ಮಗು ಅಡ್ಡ ತಿರುಗಿದೆ, ನಾಳೆ ಬೆಳಿಗ್ಗೆ ಆಪರೇಷನ್ ಎಂದು ಡಾಕ್ಟರು ದಿನ ಗೊತ್ತು ಮಾಡಿದ್ದರು. ಚಿಕ್ಕಂದಿನಲ್ಲಿ ಹಲ್ಲು ಕೀಳಿಸಲು ಹೋದಾಗಲೂ ನನ್ನ ಸೆರಗು ಬಿಡದ ಹುಡುಗಿ ಅದು. ಅಮ್ಮಾ, ಇವತ್ತು ರಾತ್ರಿ ನೀನು ನನ್ನ ಪಕ್ಕದಲ್ಲೇ ಮಲಗಬೇಕು, ಇಲ್ಲದಿದ್ದರೆ ನಾನು ಆಸ್ಪತ್ರೆಗೆ ಹೋಗುವುದೇ ಇಲ್ಲ ಎಂದಿದ್ದಳು. ಸಂಜೆ ಐದರೊಳಗೆ ಅಲ್ಲಿರುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ.

ಕೊಟ್ಟ ಮೇಲೂ ಮನೆಯಿಂದ ಹೊರಟದ್ದು ಒಂದು ಗಂಟೆ ತಡ. ತಪ್ಪು ನನ್ನದೇ. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡವಳು. ಹುಟ್ಟುವ ಮಗುವಿಗೆ ಒಂದು ಬಿಳಿ ಫ್ರಾಕು ಹೊಲಿಯುತ್ತಿದ್ದೆ, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಬಾಕಿ ಇತ್ತು. ಇವರು ಕಾರು ಹೊರಗೆ ತೆಗೆದು ಹಾರ್ನ್ ಹೊಡೆದರು. ಇದೊಂದು ಹಾಕಿ ಬರ್ತೀನಿ ಎಂದೆ. ಮತ್ತೆ ಹೊಡೆದರು. ಇದೊಂದೇ ಎಂದೆ. ಕೊನೆಗೆ ಸೂಜಿಯನ್ನು ಅಂಚಿಗೇ ಚುಚ್ಚಿ, ಫ್ರಾಕನ್ನು ಕೈಚೀಲಕ್ಕೆ ತುರುಕಿಕೊಂಡು ಓಡಿದೆ. ಇವರು ಮಗಳ ಮುಂದೆ ಯಾವಾಗಲೂ ಆಡಿಕೊಳ್ಳುವ ಮಾತೊಂದಿದೆ: “ನಿಮ್ಮಮ್ಮನ್ನ ಕರ್ಕೊಂಡು ಹೋಗೋಕೆ ಯಮ ಬಂದ್ರೂ, ಇದೊಂದು ಹೊಲಿಗೆ ಹಾಕಿ ಬರ್ತೀನಿ, ನೀವು ಕೂತಿರಿ ಅಂತಾಳೆ.” ಅವತ್ತು ಅದನ್ನೂ ಆಡಲಿಲ್ಲ. ಸುಮ್ಮನೆ ಗೇರು ಹಾಕಿದರು.

ಈ ಊರು ದಾರಿಯಲ್ಲಿ ಸಿಕ್ಕಿದ್ದು. ಒಂದೇ ಬೀದಿ. ಟೈರಿನ ಅಂಗಡಿ, ಔಷಧಿ ಅಂಗಡಿ, ಬಾಗಿಲು ಹಾಕಿದ ಒಂದು ಫೋಟೋ ಸ್ಟುಡಿಯೋ. ದಾಟಿದರೆ ಮುಗಿಯಿತು. ಆದರೆ ಬೀದಿಯ ಕೊನೆಯಲ್ಲಿ ಒಂದು ಚಿಮಣಿ ಕಂಡದ್ದೇ ಇವರ ಕಾಲು ಬ್ರೇಕಿನ ಮೇಲೆ ಹೋಯಿತು.

“ಆ ಹೊಗೆ ನೋಡೇ. ಬಿಳೀ ಉಂಡೆ ಉಂಡೆಯಾಗಿ ಬರ್ತಿದೆ. ಒಳಗೆ ಬೆಂಕಿಗೆ ಉಸಿರು ಕಟ್ತಿದೆ. ಯಾರೋ ಹಸಿ ಕಟ್ಟಿಗೆ ಒತ್ತೊತ್ತಾಗಿ ತುಂಬಿದಾರೆ.”

ಹತ್ತು ತಿಂಗಳಲ್ಲಿ ಇವರು ಒಟ್ಟಿಗೆ ನಾಲ್ಕು ಮಾತಾಡಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ, ಹಸಿವಿಲ್ಲದಿದ್ದರೂ, ಇಲ್ಲೇ ಊಟ ಮಾಡಿಬಿಡೋಣ ರೀ, ಅರ್ಧ ಗಂಟೆ ಎಂದೆ. ನಾನೇ ಎಂದದ್ದು. ಇವರು ಕೇಳಿರಲಿಲ್ಲ.

ಹೊರಗೆ ಬಾರ್ಬೆಕ್ಯೂ ಎಂದು ಕೆಂಪು ಅಕ್ಷರದ ಬೋರ್ಡು. ಒಳಗೆ ಉದ್ದನೆಯ ಹಜಾರ, ಎಂಟು ಮೇಜು, ಕೊನೆಯಲ್ಲಿ ಗೋಡೆಯ ಬದಲು ಇಟ್ಟಿಗೆಯ ದೊಡ್ಡ ಒಲೆ. ಒಲೆ ಅಂದರೆ ನಾಲ್ಕು ಜನ ಮಲಗುವಷ್ಟು ಅಗಲದ ಗೂಡು. ಅಡಿಯಲ್ಲಿ ಕಟ್ಟಿಗೆ, ಮೇಲೆ ಕಬ್ಬಿಣದ ಕಂಬಿಗಳ ಮೇಲೆ ಮಾಂಸದ ದಪ್ಪ ತುಂಡುಗಳು, ಹೊಗೆಯಲ್ಲಿ ಕಪ್ಪಗೆ ಹೊಳೆಯುತ್ತ. ನಿಧಾನವಾದ ಹೊಗೆಯಲ್ಲಿ ಹದಿನಾಲ್ಕು ಗಂಟೆ ಬೇಯಬೇಕಂತೆ. ಒಂದು ಸರತಿ ಇಳಿಯುವ ಮೊದಲೇ ಇನ್ನೊಂದು ಸರತಿ ಏರಿರುತ್ತದಂತೆ. ಹಾಗಾಗಿ ಬೆಂಕಿ ಆರಿಸುವ ಹೊತ್ತೇ ಬರುವುದಿಲ್ಲ. ತನ್ನ ಅಪ್ಪ ಹೊತ್ತಿಸಿದ್ದು, ತಾನು ಆಗ ಇನ್ನೂ ತೊಟ್ಟಿಲಲ್ಲಿದ್ದೆ ಎಂದಳು ಅಜ್ಜಿ. ಅವಳಿಗೇ ಎಂಬತ್ತರ ಮೇಲಿತ್ತು.

ಒಲೆಯ ಮುಂದೆ ಒಬ್ಬ ಸಣಕಲು ಮನುಷ್ಯ ನಿಂತಿದ್ದ. ಚರ್ಮದ ಏಪ್ರನ್, ಕೈಯಲ್ಲಿ ಸಲಾಕೆ, ನಮ್ಮ ಕಡೆ ಬೆನ್ನು. ಹೆಸರೇನು ಎಂದು ನಾನು ಅಜ್ಜಿಯನ್ನು ಕೇಳಿದೆ. ನನಗೆ ಯಾರನ್ನಾದರೂ ಹೆಸರು ಕೇಳದೆ ಇರಲು ಆಗುವುದಿಲ್ಲ. ಅಲ್ಲಿ ನಿಂತವರೆಲ್ಲ ಕೆಂಡಪ್ಪನೇ, ಮುಂಚಿನವನೂ ಕೆಂಡಪ್ಪ, ಅವನಿಗಿಂತ ಮುಂಚಿನವನೂ ಕೆಂಡಪ್ಪ, ಹೊಸ ಹೆಸರು ಕಲಿಯುವ ವಯಸ್ಸಾ ನನ್ನದು ಎಂದು ನಕ್ಕಳು. ಒಲೆಯ ಪಕ್ಕದ ಗೋಡೆಗೆ ಸಾಲಾಗಿ ಮರದ ಗೂಟಗಳು. ಒಂದರಲ್ಲಿ ಬೇಕರಿಯವರು ಹಾಕುವ ಬಿಳಿ ಟೊಪ್ಪಿ. ಒಂದರಲ್ಲಿ ದಾರ ಕಟ್ಟಿದ ಜೊತೆ ಬೂಟು. ಇನ್ನೊಂದರಲ್ಲಿ ಕಮ್ಮಾರರ ಇಕ್ಕಳ, ಅದರ ಪಕ್ಕ ಬೆವರೊರೆಸಲು ಕೊರಳಿಗೆ ಸುತ್ತುವ ಮಸಿ ಹಿಡಿದ ಒಂದು ಬಟ್ಟೆ. ಕೊನೆಯ ಎರಡು ಗೂಟ ಖಾಲಿ ಇದ್ದವು. ಬರುವಾಗ ತಂದದ್ದನ್ನು ಹೋಗುವಾಗ ತೆಗೆದುಕೊಂಡು ಹೋಗಲು ಯಾರಿಗೂ ನೆನಪಿರುವುದಿಲ್ಲ ಎಂದು ಅಜ್ಜಿ ಅಂದಾಗ ನಾನು ನಕ್ಕೆ. ನಮ್ಮ ಮನೆಯಲ್ಲೂ ನೆಂಟರು ಬಿಟ್ಟುಹೋದ ಆರು ಛತ್ರಿ ಇವೆ.

ತಟ್ಟೆ ಬಂತು. ಪಕ್ಕೆಲುಬಿನ ಮಾಂಸ, ಬ್ರೆಡ್ಡು, ಹೆಚ್ಚಿದ ಈರುಳ್ಳಿ. ಎಲುಬು ಎಳೆದರೆ ಸಾಕು, ಮಾಂಸ ಬಿಡಿಸಿಕೊಂಡು ಬರುತ್ತಿತ್ತು. ರುಚಿಯೂ ಇತ್ತು, ಇಲ್ಲವೆನ್ನಲಾರೆ. ಆದರೆ ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಕಹಿ ಉಳಿಯುತ್ತಿತ್ತು. ಕೆಟ್ಟ ಹೊಗೆಯ ಕಹಿ ಎಂದರು ಇವರು, ತಟ್ಟೆ ಮುಟ್ಟದೆ, ಒಲೆಯನ್ನೇ ನೋಡುತ್ತ.

ಅಷ್ಟರಲ್ಲಿ ಕಿಟಕಿ ಮೇಜಿನ ಹೆಂಗಸು ಬಂದು ಕೂತಳು. ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಸೀರೆ, ನೀಟಾಗಿ ಬಾಚಿದ ತಲೆ, ಈಗ ಬಸ್ಸು ಬಂದರೆ ಈಗಲೇ ಹತ್ತುವ ಹಾಗೆ. ನಮ್ಮನ್ನು ನೋಡಿ ಮುಗುಳ್ನಕ್ಕಳು. ಇವರ ಕೈ ನೋಡಿದಳು. ಇವರ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಕೂದಲಿಲ್ಲ, ಸುಟ್ಟು ಸುಟ್ಟು ಹುಟ್ಟುವುದೇ ನಿಂತಿದೆ. ಯಜಮಾನರಿಗೆ ಏನು ಕೆಲಸ ಎಂದು ಕೇಳಿದಳು. ನಾನಂತೂ ಒಂದು ಕೇಳಿದರೆ ಹತ್ತು ಹೇಳುವವಳು. ಗಿರಣಿ, ಬಾಯ್ಲರ್, ಗೋಡೆ ಗಡಿಯಾರ, ಮಗಳ ಹೆರಿಗೆ, ಎಲ್ಲ ಹೇಳಿದೆ. ಅವಳು ನೀರಿನ ಲೋಟ ಕೆಳಗಿಟ್ಟು ಪೂರ್ತಿ ಕೇಳಿದಳು. ಕೇಳಿ, ಕನ್ನಡಕ ಹಾಕಿಕೊಂಡು, ಕಾಲಿನಿಂದ ಸೂಟ್‌ಕೇಸನ್ನು ಹತ್ತಿರಕ್ಕೆ ಎಳೆದುಕೊಂಡಳು. ಮತ್ತೆ ನನ್ನ ಮುಖ ನೋಡಲಿಲ್ಲ.

ಇವರು ಎದ್ದರು. ಒಲೆಯ ಹತ್ತಿರ ಹೋಗಿ, ತಪ್ಪು ತಿಳಿಯಬೇಡಿ, ಎಡಗಡೆ ಗಾಳಿಯೇ ಆಡುತ್ತಿಲ್ಲ ಎಂದು ಆ ಮನುಷ್ಯನಿಗೆ ವಿನಯದಿಂದ ಹೇಳಿದ್ದು ಕೇಳಿಸಿತು. ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅಷ್ಟೇ.

ಇವರು ಕೈಗಡಿಯಾರ ಬಿಚ್ಚಿ ಖಾಲಿ ಗೂಟಕ್ಕೆ ಸಿಕ್ಕಿಸಿದರು. ಗಿರಣಿಯಲ್ಲೂ ಬೆಂಕಿಯ ಮುಂದೆ ಗಡಿಯಾರ ಕಟ್ಟುತ್ತಿರಲಿಲ್ಲ, ಕಬ್ಬಿಣ ಕಾದರೆ ಚರ್ಮ ಹೋಗುತ್ತದೆ. ಸಲಾಕೆ ತೆಗೆದುಕೊಂಡು ಎರಡು ಹಸಿ ತುಂಡು ಹೊರಗೆಳೆದರು, ಒಂದನ್ನು ಮಗ್ಗುಲು ತಿರುಗಿಸಿದರು, ರಾಶಿಯಿಂದ ಒಣ ಕಟ್ಟಿಗೆಯೊಂದನ್ನು ಆರಿಸಿ, ತಟ್ಟಿ ಸದ್ದು ಕೇಳಿ, ಒಳಗಿಟ್ಟರು. ಭುಸ್ ಎಂದು ಉರಿ ಎದ್ದಿತು. ಹೊಗೆ ತೆಳ್ಳಗೆ ನೀಲಿಯಾಯಿತು. ಆಗ ಒಂದು ವಿಚಿತ್ರ ನಡೆಯಿತು. ಹಜಾರದಲ್ಲಿ ಊಟ ಮಾಡುತ್ತಿದ್ದ ಏಳೆಂಟು ಜನ, ಲಾರಿಯವರು, ಅಂಗಡಿಯವರು, ಯಾರೂ ತಲೆಯೆತ್ತಿ ನೋಡಲಿಲ್ಲ. ಆದರೆ ಎಲ್ಲರ ಬಾಯಿಯೂ ಒಂದು ಗಳಿಗೆ ಅಗಿಯುವುದನ್ನು ನಿಲ್ಲಿಸಿತು. ಆಮೇಲೆ ಮತ್ತೆ ಶುರುವಾಯಿತು.

ಸಣಕಲು ಮನುಷ್ಯ ಏಪ್ರನ್ ಬಿಚ್ಚಿದ. ಸ್ಕೂಲಿಗೆ ಹೊರಟ ಮಗುವಿಗೆ ತೊಡಿಸುವಷ್ಟು ಮೃದುವಾಗಿ ಅದನ್ನು ಇವರ ಕೊರಳಿಗೆ ಹಾಕಿದ. ನಲ್ಲಿಯಲ್ಲಿ ಕೈ ತೊಳೆದ. ಕಿಟಕಿ ಮೇಜಿನ ಹೆಂಗಸು ಆಗಲೇ ಎದ್ದು ನಿಂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಸೂಟ್‌ಕೇಸು ಎತ್ತಿಕೊಂಡು ಬಾಗಿಲು ದಾಟಿದ. ಅವಳು ನನ್ನ ಮೇಜಿನ ಹತ್ತಿರ ನಿಂತಳು.

“ತಂಗೀ, ಅವರು ಎದ್ದಾಗ ನಾನು ಒಂದು ಮಾತು ಹೇಳಿದ್ರೆ ಸಾಕಿತ್ತು. ಹೇಳ್ಲಿಲ್ಲ. ಬೈಕೋ ನನ್ನ.”

“ಏನು ಹೇಳ್ಬೇಕಿತ್ತಕ್ಕಾ?”

“ಹನ್ನೊಂದು ವರ್ಷದ ಹಿಂದೆ ನಾವೂ ಊಟಕ್ಕೆ ಅಂತಲೇ ಇಳಿದದ್ದು. ನಮ್ಮೋರು ಬೇಕರಿ ಭಟ್ಟಿಯೋರು. ಬೆಂಕಿ ಸರಿ ಇಲ್ಲ ಅಂತ ಒಂದೇ ಒಂದು ಕಟ್ಟಿಗೆ ಹಾಕಿದ್ರು.” ಅವಳು ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. “ಈಗ ಮೂರು ವರ್ಷದಿಂದ ಬೆಂಕೀನ ಬೇಕಂತಲೇ ಕೆಡಿಸಿ ಇಡ್ತಿದ್ರು. ಗೊತ್ತಿಲ್ಲದೋರಿಗೆ ಹೊಗೆ ಅಂದ್ರೆ ಹೊಗೆ ಅಷ್ಟೇ. ಗೊತ್ತಿರೋರಿಗೆ ಸುಮ್ನೆ ಮುಂದೆ ಹೋಗೋಕಾಗಲ್ಲ. ನೀನು ಮಾತ್ರ ಆ ಬೆಂಕೀನ ಮುಟ್ಬೇಡ. ನಾನು ಒಂದು ದಿನವೂ ಮುಟ್ಲಿಲ್ಲ.”

ಹೊರಟುಹೋದಳು. ಬಾಗಿಲ ಗಾಜಿನಲ್ಲಿ ನೋಡಿದೆ. ಇಬ್ಬರೂ ಬೀದಿಯ ಬಿಸಿಲಲ್ಲಿ ಬೇಗ ಬೇಗ ನಡೆಯುತ್ತಿದ್ದರು, ಓಡಿದರೆ ಯಾರಾದರೂ ಕರೆದುಬಿಡುತ್ತಾರೇನೋ ಎಂಬಂತೆ. ಬಿಳಿ ಟೊಪ್ಪಿ ಗೂಟದಲ್ಲೇ ಇತ್ತು.

ನನಗೆ ಮೊದಲು ಬಂದದ್ದು ನಗು. ಪಾಪ, ತಲೆ ಸರಿ ಇಲ್ಲದ ಹೆಂಗಸು ಅಂದುಕೊಂಡೆ. ಕೈ ತೊಳೆದು, ಕೈಚೀಲ ಕುರ್ಚಿಗೆ ಸಿಕ್ಕಿಸಿ, ಒಲೆಯ ಹತ್ತಿರ ಹೋಗಿ, ಆಯಿತಲ್ಲ ರೀ, ಹೊರಡೋಣ ಎಂದೆ.

“ಹೊರಡೋಣ,” ಎಂದರು ಇವರು, ಬೆಂಕಿಯಿಂದ ಕಣ್ಣು ತೆಗೆಯದೆ. “ರಿಲೀವರ್ ಬರ್ಲಿ.”

ಆ ಮಾತು ನನಗೆ ಗೊತ್ತು. ಮುಂದಿನ ಪಾಳಿಯವನು ಬಂದು, ತನ್ನ ಕೈಯಿಂದ ಒಂದು ಕಟ್ಟಿಗೆ ಹಾಕಿ, ‘ತಗೊಂಡೆ’ ಎನ್ನುವವರೆಗೆ ಬಾಯ್ಲರ್ ಬಿಟ್ಟು ಕದಲಬಾರದು. ಗಿರಣಿಯಲ್ಲಿ ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಇವರಿಗೆ ಬರೆಯಬೇಕಾಗಿಯೂ ಇರಲಿಲ್ಲ. ಮಗಳು ಹುಟ್ಟಿದ ವರ್ಷ ಮುಷ್ಕರವಾಗಿ ರಿಲೀವರ್ ಬರದೆ ಎರಡು ಹಗಲು ಎರಡು ರಾತ್ರಿ ಒಬ್ಬರೇ ನಿಂತಿದ್ದರು. ನಾನು ಬಾಣಂತಿ, ಮಗು ಎತ್ತಿಕೊಂಡು ಗೇಟಿಗೆ ಬುತ್ತಿ ಒಯ್ದಿದ್ದೆ. ಬಿಟ್ಟು ಬನ್ನಿ ಎಂದು ಅತ್ತರೆ, ಉರೀತಿರೋದನ್ನ ಬಿಟ್ಟು ಹೇಗೆ ಬರ್ಲಿ ಎಂದು ಹೇಳಿ ಕಳಿಸಿದ್ದರು.

“ಕೆಂಡಪ್ಪಾ, ನೀರು ಕುಡೀತೀಯಾ?” ಎಂದಳು ಹಿಂದಿನಿಂದ ಅಜ್ಜಿ. ಅದೇ ದನಿ. ಬೆಳಗಿನಿಂದ ಇವರೇ ಅಲ್ಲಿ ನಿಂತಿದ್ದರು ಎಂಬಂಥ ದನಿ.

“ಹ್ಞೂಂ, ಅಲ್ಲಿಡಿ,” ಎಂದರು ಇವರು.

ನಾನು ಅಜ್ಜಿಯ ಮೇಲೆ ಹರಿಹಾಯ್ದೆ. ಏನು ಮಾಡಿದ್ದೀಯ ನನ್ನ ಗಂಡನಿಗೆ, ಪೊಲೀಸರನ್ನು ಕರೆಯುತ್ತೇನೆ ಎಂದೆ. ಅವಳು ಒಂದಿಷ್ಟೂ ಸಿಟ್ಟಾಗಲಿಲ್ಲ. ಮುಂಚಿನವರ ಮನೆಯವರೂ ಕರೆದಿದ್ದರಂತೆ. ಪೊಲೀಸರು ಬಂದು, ನಿಮ್ಮನ್ನು ಯಾರಾದರೂ ಹಿಡಿದಿಟ್ಟಿದ್ದಾರಾ ಎಂದು ಕೇಳಿ, ಇಲ್ಲವೆಂದ ಮೇಲೆ ಊಟ ಮಾಡಿ ಹೋದರಂತೆ. ನಾನು ಯಾರನ್ನೂ ಕರೆಯುವುದಿಲ್ಲ, ಯಾರನ್ನೂ ತಡೆಯುವುದಿಲ್ಲ, ಬಾಗಿಲಿಗೆ ಚಿಲಕವನ್ನೇ ಇಡಿಸಿಲ್ಲ, ಬೇಕಾದರೆ ಹೋಗಿ ನೋಡು ಎಂದಳು. ಹೋಗಿ ನೋಡಿದೆ. ನಿಜ. ಚಿಲಕ ಇದ್ದ ಗುರುತೂ ಇರಲಿಲ್ಲ. ಸಂಬಳಕ್ಕೆ ಆಳು ಇಟ್ಟುಕೊಳ್ಳಬಾರದಾ ಎಂದು ಕೇಳಿದೆ. ನಮ್ಮಪ್ಪ ಇಟ್ಟಿದ್ದರು, ಸಂಬಳಕ್ಕೆ ಬಂದವರು ಹೊತ್ತಾದರೆ ಹೊರಟುಬಿಡುತ್ತಾರೆ ಎಂದಳು, ಮೇಜು ಒರೆಸುತ್ತ.

ಇವರ ತೋಳು ಹಿಡಿದು ಎಳೆದೆ. ಕಾದ ತೋಳು. ಇವರು ನನ್ನನ್ನು ನೋಡಿದ ರೀತಿ ಹೇಗೆ ಹೇಳಲಿ? ಸಿಟ್ಟಲ್ಲ, ಮರೆವೂ ಅಲ್ಲ. ಆಫೀಸಿನಿಂದ ಏನೋ ಕೇಳಲು ಬಂದವರನ್ನು ಕೆಲಸದ ಮಧ್ಯೆ ಮರ್ಯಾದೆಯಿಂದ ನೋಡುತ್ತಾರಲ್ಲ, ಹಾಗೆ. ಅದಕ್ಕಿಂತ ನನಗೆ ಹೆದರಿಕೆ ಹುಟ್ಟಿಸಿದ್ದು ಬೇರೆ. ಇವರ ಮುಖದಲ್ಲಿ ಹತ್ತು ತಿಂಗಳಿಂದ ಕಾಣದಿದ್ದ ಕಳೆ ಬಂದಿತ್ತು. ಬೆನ್ನು ನೆಟ್ಟಗಾಗಿತ್ತು. ತುಟಿಯ ನಡುವೆ ಏನೋ ಗುನುಗು.

ಮೂರು ಗಂಟೆಗೆ ಮಗಳ ಫೋನು ಬಂತು. ಎಲ್ಲಿದ್ದೀರಿ ಎಂದಳು. ಅಪ್ಪನ ಜೊತೆ ಮಾತಾಡು ಎಂದು ಫೋನನ್ನು ಇವರ ಕಿವಿಗೆ ಹಿಡಿದೆ. ಮಗಳೆಂದರೆ ಪ್ರಾಣ ಇವರಿಗೆ, ಅವಳ ದನಿ ಕೇಳಿದರೆ ಎಚ್ಚರವಾಗಬಹುದು ಎಂದುಕೊಂಡೆ. ಇವರು ತುಂಬ ಪ್ರೀತಿಯಿಂದಲೇ, ಬರ್ತೀವಿ ಮಗಳೇ, ಪಾಳಿ ಮುಗಿದ ಕೂಡಲೇ ಎಂದರು.

ಫೋನು ನನ್ನ ಕಿವಿಗೆ ವಾಪಸು ಬಂದಾಗ ಅವಳ ದನಿ ಸಣ್ಣಗಾಗಿತ್ತು. “ಯಾವ ಪಾಳಿ ಅಮ್ಮ? ಅಪ್ಪಂಗೆ ಏನಾಗಿದೆ? ನೀನು ಬರ್ತೀಯಾ ತಾನೇ?”

“ಬರದೆ ಇರ್ತೀನಾ? ಅವರದು ಏನೋ ತಮಾಷೆ ಬಿಡು. ನೀನು ಮಲ್ಕೋ ಸ್ವಲ್ಪ.”

ಆಮೇಲೆ ಕುರ್ಚಿಯಲ್ಲಿ ಕೂತು ಯೋಚಿಸಿದೆ. ಅಳುವುದಕ್ಕೆ ಹೊತ್ತಿರಲಿಲ್ಲ. ಒಲೆಯೂ ಅಲ್ಲ, ಸಲಾಕೆಯೂ ಅಲ್ಲ, ಬಾಗಿಲಿಗೆ ಚಿಲಕವೇ ಇಲ್ಲ, ಇಲ್ಲಿ ಇವರನ್ನು ಹಿಡಿದಿರುವುದು ಒಂದೇ ಒಂದು. ರಿಲೀವರ್ ಬಂದಿಲ್ಲ. ಹಾಗಾದರೆ ರಿಲೀವರ್ ಬರಲಿ. ನಾನೇ ಬರುತ್ತೇನೆ. ಬೇಕರಿಯವನಿಗೆ, ಕಮ್ಮಾರನಿಗೆ, ಇವರಿಗೆ ಬೆಂಕಿಯೆಂದರೆ ಬಿಡಲಾಗದ ಹುಚ್ಚು. ನನಗೇನು? ಅನ್ನ ಕುದಿಯುತ್ತಿದ್ದರೂ ಗಿರಾಕಿ ಕರೆದರೆ ಒಲೆ ಆರಿಸಿ ಎದ್ದು ಹೋಗುವವಳು. ಬೆಂಕಿ ನನ್ನ ಅಪ್ಪನಲ್ಲ, ಮಗನಲ್ಲ. ಇವರ ಕೈಯಿಂದ ತೆಗೆದುಕೊಂಡು, ಇವರು ಕಾರಿನಲ್ಲಿ ಕೂತದ್ದನ್ನು ನೋಡಿ, ಸಲಾಕೆ ಬಿಸಾಕಿ ನಡೆದರಾಯಿತು. ಮಾಂಸ ಸೀದರೆ ಸೀಯಲಿ, ಬೆಂಕಿ ಆರಿದರೆ ಅಜ್ಜಿಯ ಹಣೆಬರಹ. ಹನ್ನೊಂದು ವರ್ಷದಲ್ಲಿ ಆ ಕಿಟಕಿ ಮೇಜಿನ ಹೆಂಗಸಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಒಳಗೊಳಗೇ ನಕ್ಕೆ ಕೂಡ.

ಸೆರಗು ಸಿಕ್ಕಿಸಿಕೊಂಡು ಇವರ ಮುಂದೆ ಹೋಗಿ ನಿಂತೆ.

“ರೀ. ರಿಲೀವರ್ ಬಂದಿದೀನಿ.”

“ನೀನಾ?”

“ನಾನೇ.”

ಇವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಉರಿ ಬಣ್ಣ ಹೇಳು.”

“ಮೇಲೆ ಕಿತ್ತಳೆ, ಬುಡದಲ್ಲಿ ಬೆಳ್ಳಗೆ. ಹೊಗೆ ನೀಲಿ.” ಮೂವತ್ತೊಂದು ವರ್ಷ ಊಟಕ್ಕೆ ಕೂತಾಗಲೆಲ್ಲ ಕೇಳಿದ್ದೆ. ಬಾಯಿಪಾಠವಾಗಿತ್ತು.

ಒಪ್ಪಿದರು. ಕ್ರಮವಾಗಿ ಒಪ್ಪಿಸಿದರು: ಬಲಗಡೆ ಚೆನ್ನಾಗಿ ಹಿಡಿದಿದೆ, ಎಡಗಡೆ ಇನ್ನೂ ಎಳಸು, ಕಾಲು ಗಂಟೆಗೆ ಒಂದು ಒಣ ತುಂಡು ಸಾಕು, ಗಾಳಿಕಿಂಡಿ ಎರಡು ಬೆರಳು ತೆರೆದಿರಲಿ. ಏಪ್ರನ್ ಬಿಚ್ಚಿ ನನಗೆ ಕಟ್ಟಿದರು. ನಾನು ಒಂದು ಕಟ್ಟಿಗೆ ಎತ್ತಿ ಒಳಗಿಟ್ಟು, ತಗೊಂಡೆ ಎಂದೆ.

ಇವರು ನಲ್ಲಿಗೆ ಹೋದರು. ಮೊಣಕೈವರೆಗೆ ಸೋಪು ಹಾಕಿ, ಉಗುರು ಉಜ್ಜಿ, ಮೂರು ಸಲ ತೊಳೆದರು. ಪಾಳಿ ಮುಗಿಸಿದಾಗ ಯಾವಾಗಲೂ ಹಾಗೆಯೇ. ಮುಖಕ್ಕೆ ನೀರು ಹೊಡೆದುಕೊಂಡು ತಿರುಗಿದಾಗ ನನ್ನ ಗಂಡನೇ ತಿರುಗಿದ್ದರು. ಹೋಟೆಲಿನ ಗೋಡೆಯ ಗಡಿಯಾರ ನೋಡಿ ಗಾಬರಿಯಾದರು. ನಾಲ್ಕಾಯಿತಲ್ಲೇ, ನಿದ್ದೆ ಹೋಗಿದ್ದೆನಾ, ಮಗಳು ಕಾಯುತ್ತಿರುತ್ತಾಳೆ, ಕಾರು ತಿರುಗಿಸುತ್ತೇನೆ, ಬೇಗ ಬಾ ಎನ್ನುತ್ತ ಹೊರಗೆ ಓಡಿದರು. ಕೈಗಡಿಯಾರ ಗೂಟದಲ್ಲೇ ಉಳಿಯಿತು. ನಾನು ನೋಡಿದೆ. ಬರುವಾಗ ತೆಗೆದುಕೊಂಡರಾಯಿತು ಎಂದುಕೊಂಡೆ.

ಗೆದ್ದಿದ್ದೆ. ಬಾಗಿಲು ಹತ್ತು ಹೆಜ್ಜೆ. ಕಾರು ಸ್ಟಾರ್ಟಾದದ್ದು ಕೇಳಿಸಿತು. ಏಪ್ರನ್ನಿನ ಗಂಟಿಗೆ ಕೈ ಹಾಕಿದೆ.

ನಾನು ಇಟ್ಟ ಕಟ್ಟಿಗೆ ಮಾತ್ರ ಸೊಟ್ಟ ಬಿದ್ದಿತ್ತು. ತುದಿ ಹೊರಗೆ ಚಾಚಿಕೊಂಡು, ಮೆಷಿನ್ನಿನಲ್ಲಿ ಜಾರಿದ ಹೊಲಿಗೆಯ ಹಾಗೆ. ನಾಳೆ ಯಾರಾದರೂ ನೋಡಿದರೆ ಬೆಂಕಿ ಗೊತ್ತಿಲ್ಲದವಳು ಇಟ್ಟದ್ದು ಎಂದಾರು. ಸಲಾಕೆಯಿಂದ ಒಂದು ಸಲ ತಳ್ಳಿದೆ, ನೇರವಾಯಿತು. ನೇರವಾದ ಮೇಲೆ ಎಡಗಡೆ ಒಂದು ಸಂದು ಕಂಡಿತು. ಅಂಗೈ ಅಗಲದ ಸಂದು, ಬಟ್ಟೆ ಸಾಲದೆ ಬಿಟ್ಟಂತೆ. ಅದಕ್ಕೆ ಸರಿಯಾಗುವ ತುಂಡು ರಾಶಿಯ ಮೇಲೇ ಇತ್ತು. ಅದನ್ನು ಇಟ್ಟರೆ ಮುಗಿಯಿತು. ಇಟ್ಟೆ. ಹೊತ್ತಿಕೊಳ್ಳುವ ಮೊದಲು ಒಂದು ಎಳೆ ಬಿಳಿ ಹೊಗೆ ಬಂತು. ಬಿಳಿ ಬಿಟ್ಟು ಹೋಗಬಾರದು. ನೀಲಿಯಾಗುವವರೆಗೆ ನಿಂತರೆ ಎಷ್ಟು ಹೊತ್ತು, ಎರಡು ನಿಮಿಷ.

ಹಾರ್ನ್ ಕೇಳಿಸಿತು.

ಮತ್ತೆ ಕೇಳಿಸಿತು.

ಮೂರನೆಯದು ಕೇಳಿಸಿತೋ ಇಲ್ಲವೋ ನೆನಪಿಲ್ಲ. ಆಗ ಬಲಗಡೆಯ ಕೆಂಡ ಕುಸಿದು ಒಂದು ಗುಳಿ ಬಿದ್ದಿತ್ತು. ಬಾಗಿಲು ತೆರೆದ ಸದ್ದಾಯಿತು. ಇವರ ಹೆಜ್ಜೆ.

“ಬಾರೇ, ಹೊತ್ತಾಯ್ತು. ಎರಡು ಸಲ ಫೋನ್ ಮಾಡಿದ್ಲು.”

“ಇದೊಂದು ಹಾಕಿ ಬರ್ತೀನಿ,” ಎಂದೆ. “ನೀವು ಕೂತಿರಿ.”

ಇವರು ನಕ್ಕದ್ದು ಕೇಳಿಸಿತು. ನನ್ನ ಈ ಮಾತಿಗೆ ಮೂವತ್ತೊಂದು ವರ್ಷ ಕಾದು ರೂಢಿಯಾದವರ ನಗು. ಕೂರಲು ಜಾಗ ಹುಡುಕಿ, ಎಲ್ಲಕ್ಕಿಂತ ಚೊಕ್ಕವಾಗಿದ್ದ ಕುರ್ಚಿ ಎಳೆದುಕೊಂಡರು, ಕಿಟಕಿ ಪಕ್ಕದ್ದು. ಅಜ್ಜಿ ಅವರ ಮುಂದೆ ಒಂದು ಲೋಟ ನೀರಿಟ್ಟಳು. ಆಮೇಲೆ ನಮ್ಮ ಮೇಜು ಒರೆಸಲು ಬಂದು, ಕುರ್ಚಿಗೆ ಸಿಕ್ಕಿಸಿದ್ದ ನನ್ನ ಕೈಚೀಲ ಎತ್ತಿ, ಗೋಡೆಯ ಹತ್ತಿರ ಹೋಗಿ, ಇವರ ಗಡಿಯಾರದ ಪಕ್ಕದ ಗೂಟಕ್ಕೆ ತೂಗುಹಾಕಿದಳು. ಚೀಲದ ಬಾಯಿಂದ ಬಿಳಿ ಫ್ರಾಕಿನ ಒಂದು ತೋಳು ಹೊರಗೆ ಇಣುಕಿತ್ತು. ಅವಳು ಅದನ್ನು ಮಡಿಸಿ ಒಳಗೆ ಹಾಕಿದಳು.